ಆಯುಧಪೂಜೆಯ ಹೊತ್ತಿಗೆ ಹಿತ್ತಲಿನ ಚೆಂಡುಹೂ

ಚೆಂಡುಹೂವನ್ನು ಬೆಳೆಸುವುದು ಕಷ್ಟವಲ್ಲ. ಆಯುಧಪೂಜೆಯ ಹೊತ್ತಿಗೆ ಸರಿಯಾಗಿ ಗಿಡದ ತುಂಬ ಹೂವಿರುವಂತೆ ನೋಡಿಕೊಳ್ಳುವುದಕ್ಕೆ ಮಾತ್ರ ಸ್ವಲ್ಪ ಲೆಕ್ಕಾಚಾರ ಬೇಕು. ಮೈಸೂರಿನ ನಮ್ಮ ಮನೆಯ ಹಿತ್ತಲಿನಲ್ಲಿ ಹಲವು ವರ್ಷಗಳಿಂದ ಇದನ್ನು ಬೆಳೆಯುತ್ತಿರುವ ನಾನು ಬಿತ್ತನೆಯ ದಿನವನ್ನು ಹಬ್ಬದಿಂದ ಹಿಂದಕ್ಕೆ ಎಣಿಸಿ ಗೊತ್ತುಮಾಡಿಕೊಳ್ಳುತ್ತೇನೆ. ಬಿತ್ತಿದ ಸುಮಾರು 60ರಿಂದ 65 ದಿನಗಳಿಗೆ ಹೂ ಬರುತ್ತದೆ, ಕುಡಿ ಚಿವುಟಿದರೆ ಇನ್ನೊಂದು ವಾರ ಹತ್ತು ದಿನ ತಡವಾಗುತ್ತದೆ. ಆದ್ದರಿಂದ ಹಬ್ಬ ಅಕ್ಟೋಬರ್ ಮೊದಲ ವಾರದಲ್ಲಿ ಬಿದ್ದರೆ ಜುಲೈ ಮಧ್ಯದಲ್ಲಿಯೂ, ಮೂರನೆಯ ವಾರಕ್ಕೆ ಹೋದರೆ ಆಗಸ್ಟ್ ಮೊದಲ ದಿನಗಳಲ್ಲಿಯೂ ಒಟ್ಲು ಹಾಕುತ್ತೇನೆ, ಅಂದರೆ ಸಸಿಗಾಗಿ ಬೀಜ ಬಿತ್ತುತ್ತೇನೆ.

ಕೆಮ್ಮಣ್ಣಿಗೆ ಮರಳು ಮತ್ತು ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿದ ತಟ್ಟೆಯಲ್ಲಿ ಬೀಜ ಉದುರಿಸಿ, ತೆಳುವಾಗಿ ಮಣ್ಣು ಮುಚ್ಚಿದರೆ ನಾಲ್ಕೈದು ದಿನಗಳಲ್ಲಿ ಮೊಳಕೆ ಏಳುತ್ತದೆ. ಮೂರು ನಾಲ್ಕು ವಾರದ ಸಸಿಗಳನ್ನು ಇಳಿಬಿಸಿಲಿನಲ್ಲಿ ಕಿತ್ತು, ಒಂದೂವರೆ ಅಡಿ ಅಂತರದಲ್ಲಿ, ದಂಟಿನ ಬುಡ ಸ್ವಲ್ಪ ಮಣ್ಣಿನೊಳಗೆ ಹೋಗುವಂತೆ ನೆಡುತ್ತೇನೆ, ಏಕೆಂದರೆ ಹೂತ ದಂಟಿನಿಂದಲೂ ಬೇರು ಒಡೆಯುತ್ತದೆ.

ಮುಂದಿನ ಕೆಲಸಗಳಲ್ಲಿ ಕುಡಿ ಚಿವುಟುವುದೇ ಮುಖ್ಯವೆಂಬುದು ನನ್ನ ಅಭಿಪ್ರಾಯ. ಗಿಡ ಒಂದು ಅಡಿಯಷ್ಟು ಬೆಳೆದು ತುದಿಯಲ್ಲಿ ಮೊದಲ ಮೊಗ್ಗಿನ ಸುಳಿವು ಕಂಡಾಗ ಅದನ್ನು ಕೀಳಲು ಯಾರಿಗೂ ಮನಸ್ಸು ಬರುವುದಿಲ್ಲ. ಆದರೆ ಆ ಕುಡಿ ಹೋದ ಮೇಲೆಯೇ ಎಲೆಯ ಸಂದುಗಳಿಂದ ಕವಲುಗಳು ಚೆನ್ನಾಗಿ ಹೊರಟು, ಒಂದು ದೊಡ್ಡ ಹೂವಿನ ಬದಲು ಹತ್ತಾರು ಹೂಗಳು ಸರಿಸುಮಾರು ಒಟ್ಟಿಗೆ ಅರಳುತ್ತವೆ. ಮಾಲೆ ಕಟ್ಟುವವರಿಗೆ ಬೇಕಾಗಿರುವುದೂ ಅದೇ. ಈ ಹಂತದಲ್ಲಿ ಯೂರಿಯಾ ಹಾಕುವ ಉತ್ಸಾಹ ಬೇಡ, ಸಾರಜನಕ ಹೆಚ್ಚಾದರೆ ಎಲೆ ಸೊಂಪಾಗಿ ಬೆಳೆದು ಹೂ ಕಡಿಮೆಯಾಗುತ್ತದೆ.

ಮಳೆ ನಿಂತು ಹವೆ ಒಣಗತೊಡಗಿದರೆ ಎಲೆಯ ಅಡಿಯಲ್ಲಿ ಕೆಂಪು ನುಸಿ ಸೇರಿಕೊಂಡು ಬಲೆ ಕಟ್ಟುತ್ತದೆ. ಬೆಳಗಿನ ಹೊತ್ತು ಎಲೆಯ ತಳಕ್ಕೆ ಜೋರಾಗಿ ನೀರು ಹೊಡೆಯುವುದರಿಂದಲೇ ಅದು ಬಹುಮಟ್ಟಿಗೆ ಹತೋಟಿಗೆ ಬರುತ್ತದೆ. ಉಳಿದಂತೆ ನೀರನ್ನು ಬುಡಕ್ಕಷ್ಟೇ ಕೊಡಬೇಕು, ನೀರು ಕುಡಿದ ದಪ್ಪ ಹೂ ಬೇಗ ಕೊಳೆಯುತ್ತದೆ.

ಬಾಡಿದ ಹೂಗಳನ್ನು ಆಗಾಗ ಕಿತ್ತುಹಾಕುತ್ತಿದ್ದರೆ ಗಿಡ ದೀಪಾವಳಿಯವರೆಗೂ ಹೂ ಬಿಡುತ್ತದೆ. ಬೀಜಕ್ಕಾಗಿ ನಾಟಿ ತಳಿಯ ಕೆಲವು ಹೂಗಳನ್ನು ಗಿಡದಲ್ಲಿಯೇ ಒಣಗಲು ಬಿಡುತ್ತೇನೆ. ಹೈಬ್ರಿಡ್ ಗಿಡದ ಬೀಜದಿಂದ ಅದೇ ಗುಣದ ಹೂ ಸಿಗುವ ಭರವಸೆಯಿಲ್ಲ. ಬೇರುಗಂಟು ಮಾಡುವ ಜಂತುಹುಳುಗಳನ್ನು ಚೆಂಡುಹೂವಿನ ಬೇರು ತಗ್ಗಿಸುವುದರಿಂದ, ಗಿಡ ತೆಗೆದ ಅದೇ ಮಡಿಗೆ ಟೊಮೇಟೊ ಸಸಿ ಹಾಕುತ್ತೇನೆ.