‘ಅವರ್ಷನ್’ ಕಲಿಸುವಾಗ ದ್ವೇಷವನ್ನು ಬದಿಗಿಡಿ

ಕಲಬುರಗಿಯಲ್ಲಿ ಕನ್ನಡ ಮಾಧ್ಯಮದಿಂದ ಬಂದ ಪದವಿ ಮಕ್ಕಳಿಗೆ ಇಂಗ್ಲಿಷ್ ಹೇಳುವಾಗ ‘ಅವರ್ಷನ್’ (aversion) ಪದಕ್ಕೆ ‘ದ್ವೇಷ’ ಎಂಬ ಅರ್ಥ ನಾನು ಬರೆಸುವುದಿಲ್ಲ. ದ್ವೇಷಿಸುವವ ಎದುರು ನಿಲ್ಲುತ್ತಾನೆ. ಅವರ್ಷನ್ ಇದ್ದವ ಅತ್ತ ಮುಖವನ್ನೇ ಹಾಕುವುದಿಲ್ಲ. ನಮ್ಮ ಕಡೆಯ ‘ನನಗದು ಸೇರಂಗಿಲ್ಲ’ ಹತ್ತಿರ ಬರುತ್ತದೆ, ಆದರೆ ಅವರ್ಷನ್ ಅದಕ್ಕಿಂತ ಖಾರ.

ಮೊದಲು ಬೋರ್ಡಿನ ಮೇಲೆ ಪದ ಒಡೆಯುತ್ತೇನೆ. ಲ್ಯಾಟಿನ್‌ನಲ್ಲಿ ‘ಅಬ್’ ಅಂದರೆ ದೂರಕ್ಕೆ, ‘ವೆರ್ಟೆರೆ’ ಅಂದರೆ ತಿರುಗಿಸು. ‘ವ’ಕಾರದ ಮುಂದೆ ‘ಅಬ್’ ಸವೆದು ‘ಆ’ ಆಗಿ, ‘ಆವೆರ್ಟೆರೆ’. ಅದರ ನಾಮಪದ ‘ಆವೆರ್ಸಿಯೊ’. ಈ ‘ವೆರ್ಟೆರೆ’ ಸಂಸ್ಕೃತದ ‘ವೃತ್’ ಧಾತುವಿನ ಒಡಹುಟ್ಟು. ಪರಿವರ್ತನೆ, ನಿವೃತ್ತಿ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ‘ವಿಮುಖ’ದಲ್ಲಂತೂ ಚಿತ್ರವೂ ಅದೇ. ಉರ್ದು ಬಲ್ಲವರು ‘ನಫರತ್’ ಅನ್ನುತ್ತಾರೆ. ಅದರ ಅರಬ್ಬಿ ಮೂಲದಲ್ಲೂ ಬೆದರಿ ದೂರ ಓಡುವುದಿದೆ, ಹಾಗಾಗಿ ಚಿತ್ರ ಒಪ್ಪುತ್ತೇನೆ. ಅರ್ಥ ಒಪ್ಪುವುದಿಲ್ಲ, ಇಂದಿನ ನಫರತ್ ಪಕ್ಕಾ ದ್ವೇಷ.

ಇಂಗ್ಲಿಷಿಗೆ ಇದು 16ನೇ ಶತಮಾನದಲ್ಲಿ ಬಂತು. ಮೈ ತಿರುಗಿಸುವ ಅರ್ಥ ಹಿಂದೆ ಸರಿದು ಮನಸ್ಸು ತಿರುಗಿಸುವ ಅರ್ಥ ಉಳಿಯಿತು. ಸೇರದ ವಸ್ತುವಿಗೂ ಅದೇ ಹೆಸರು.

ಹೆಚ್ಚು ತಪ್ಪುವುದು ಪದದ ಮುಂದೆ ಬರುವ ಸಣ್ಣ ಮಾತಿನಲ್ಲಿ. ಕನ್ನಡದ ‘ಮೇಲೆ ಸಿಟ್ಟು’ ತಲೆಯಲ್ಲಿದ್ದವರು ‘ಆನ್’ ಹಾಕುತ್ತಾರೆ. ವ್ಯುತ್ಪತ್ತಿ ಚೆನ್ನಾಗಿ ಕಲಿತ ಜಾಣರು ‘ಫ್ರಂ’ ಹಾಕುತ್ತಾರೆ. ಹಳಬರೂ ಹಾಗೆ ಬರೆದದ್ದುಂಟು, ಆದರೆ ಈಗ ‘ಟು’ ಸರಿ. ಮಾತಾಡುವುದು ಸೇರದು ಎನ್ನಲು ಆ ‘ಟು’ ಕಂಡೊಡನೆ ‘ಸ್ಪೀಕ್’ ಸೇರಿಸಬಾರದು, ‘ಟು ಸ್ಪೀಕಿಂಗ್’ ಆಗಬೇಕು. ‘ಐ ಆ್ಯಮ್ ಅವರ್ಷನ್’ ಕೂಡ ತಪ್ಪು. ‘ಐ ಹ್ಯಾವ್ ಆ್ಯನ್ ಅವರ್ಷನ್’ ಅಥವಾ, ಅದರ ಗುಣವಾಚಕ ಹಾಕಿ, ‘ಐ ಆ್ಯಮ್ ಅವರ್ಸ್’ (averse). ಡಿಕ್ಟೇಷನ್ನಿನಲ್ಲಿ ಬಿಡಿ ಪದ ಕೊಡಬೇಡಿ. ‘ಎ ವರ್ಷನ್’ ಎಂದು ಬರೆದವರನ್ನು ದೂರುವಂತಿಲ್ಲ, ಕಿವಿಗೆ ಎರಡೂ ಒಂದೇ. ತಮಾಷೆಯೆಂದರೆ ‘ವರ್ಷನ್’ ಹುಟ್ಟಿದ್ದೂ ‘ವೆರ್ಟೆರೆ’ಯಿಂದಲೇ.

‘ಅವರ್ಸ್’, ‘ಅಡ್ವರ್ಸ್’ ಬೇರ್ಪಡಿಸಲು ನಮ್ಮ ತೊಗರಿ ಹೊಲ ಸಾಕು. ‘ಆಡ್’ ಅಂದರೆ ಕಡೆಗೆ: ಹೂ ಬಿಟ್ಟಾಗ ಬೆಳೆಗೆ ಎದುರಾಗಿ ಬರುವ ಮಳೆ ‘ಅಡ್ವರ್ಸ್’. ಆ ಭಯಕ್ಕೆ ಹೊಸ ತಳಿ ಒಲ್ಲೆ ಅನ್ನುವ ರೈತ ‘ರಿಸ್ಕ್ ಅವರ್ಸ್’. ಒಂದು ಹವಾಮಾನಕ್ಕೆ, ಇನ್ನೊಂದು ಮನುಷ್ಯನಿಗೆ. ಅದಲುಬದಲು ಮಾಡಿ ಬರೆದರೆ ಮಳೆಗೇ ತೊಗರಿ ಸೇರದು ಅಂದಂತಾಗುತ್ತದೆ.