ಕಂಟೇನರ್ ಬಾಗಿಲು: ಎರಿ ಭೂಮಿಯ ಮೇಲೆ ನಾನು ದುರಸ್ತಿ ಮಾಡುವ ರೀತಿ

"ರೀ, ಬಾಗಲಾ ಕೂಡವಲ್ದು, ಹೊಸಾದು ಹಾಕಿಕೊಡ್ರಿ" ಎಂದು ಹಡಗಿನ ಸರಕು ಕಂಟೇನರಿನ ಬಾಗಿಲಿಗಾಗಿ ಕೇಳಿಕೊಂಡು ಬಂದವರಿಗೆ ನಾನು ಮೊದಲು ಕೇಳುವುದು ಒಂದೇ: ಕಂಟೇನರ್ ಯಾವ ಮಣ್ಣಿನ ಮೇಲೆ ಕೂತಿದೆ? ಹುಬ್ಬಳ್ಳಿಯಿಂದ ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ, ಗದಗದವರೆಗೆ ಬಹುಪಾಲು ಎರಿ ಭೂಮಿ, ಅಂದರೆ ಕಪ್ಪು ಜಿಗುಟು ಮಣ್ಣು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ನಾಲ್ಕು ಮೂಲೆ ಒಂದೇ ಪ್ರಮಾಣದಲ್ಲಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಕಂಟೇನರಿನ ಎರಡು ಪಕ್ಕ, ಬಾಗಿಲಿಗೆ ಎದುರಿನ ತುದಿ, ಮಾಡು ಎಲ್ಲವೂ ಬೆಸುಗೆ ಹಾಕಿದ ಏಣು ತಗಡು, ಹಾಗಾಗಿ ಬಿಗಿ. ಬಾಗಿಲ ತುದಿಯಲ್ಲಿ ಮಾತ್ರ ತಗಡಿಲ್ಲ, ಬರೀ ಚೌಕಟ್ಟು. ಪೆಟ್ಟಿಗೆ ತಿರುಚಿಕೊಂಡಾಗ ಅದು ಮೊದಲು ಕಾಣಿಸುವುದು ಅಲ್ಲೇ. ನನ್ನ ಕೈಗೆ ಬರುವ "ಕೆಟ್ಟ ಬಾಗಿಲು"ಗಳಲ್ಲಿ ಬಹಳಷ್ಟು ಕೆಟ್ಟಿರುವುದೇ ಇಲ್ಲ, ಅವು ನಿಂತ ನೆಲ ಕೆಟ್ಟಿರುತ್ತದೆ. ಆ ಬಾಗಿಲನ್ನು ಕತ್ತರಿಸಿ ಹೊಸದು ಹಾಕಿದರೆ ಮುಂದಿನ ಮುಂಗಾರಿಗೆ ಅದೂ ಕೂಡುವುದಿಲ್ಲ.

ಗುರುತಿಸುವುದು ಸುಲಭ. ಹೊರಗೆ ನಿಂತು ಎರಡೂ ಬಾಗಿಲ ಮೇಲಂಚು ನೋಡಬೇಕು. ನಡುವೆ ಕೂಡುವಲ್ಲಿ ಒಂದು ಮೇಲೆ ಒಂದು ಕೆಳಗೆ ಇದ್ದರೆ ಚೌಕಟ್ಟು ಓರೆಯಾಗಿದೆ. ಆಮೇಲೆ ಟೇಪು ಹಿಡಿದು ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಬೇಕು. ಮೂಲೆಯ ಎರಕದ (ಪ್ರತಿ ಮೂಲೆಯಲ್ಲಿರುವ ಎರಕ ಹೊಯ್ದ ಉಕ್ಕಿನ ಗಟ್ಟಿಯ) ತೂತಿನ ನಡುವಿನಿಂದ ಎದುರು ತೂತಿನ ನಡುವಿಗೆ ಅಳೆದರೆ ಬಾಗಿಲ ತುದಿಯ ಎರಡು ಕರ್ಣಗಳ ವ್ಯತ್ಯಾಸ ಐಎಸ್‌ಓ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ 10 ಮಿಮೀ ದಾಟಬಾರದು. ಬಲ ಬಾಗಿಲು ತಗ್ಗಿದ್ದರೆ ಬಾಗಿಲ ತುದಿಯ ಬಲ ಮೂಲೆ ಎತ್ತಬೇಕು, ಎಡದ್ದು ತಗ್ಗಿದ್ದರೆ ಎಡ ಮೂಲೆ.

20 ಅಡಿಯ ಖಾಲಿ ಕಂಟೇನರ್ ಸುಮಾರು 2.2 ಟನ್. ಒಳಗೆ ಮಾಲಿರುವ ಸಾಧ್ಯತೆ ಇರುವುದರಿಂದ ನಾನು 10 ಟನ್ನಿನ ಜ್ಯಾಕ್ ಒಯ್ಯುತ್ತೇನೆ. ಕೆಳಗೆ ನಾಲಿಗೆಯಂತೆ ಚಾಚಿದ ಪಟ್ಟಿ ಇರುವ ಜ್ಯಾಕ್ ಆದರೆ ಎಡೆ ಕಡಿಮೆ ಇದ್ದರೂ ಹೊಗುತ್ತದೆ. ಬಾಟಲಿ ಜ್ಯಾಕ್ ಆದರೆ ಪಕ್ಕದಲ್ಲಿ ಗುಂಡಿ ತೋಡಿ, ತಳಕ್ಕೆ ದಪ್ಪ ಪ್ಲೇಟು ಹಾಕಿ ಕೂರಿಸಬೇಕು. ಎತ್ತುವುದು ಮೂಲೆಯ ಎರಕದ ಬುಡದಲ್ಲಿ ಮಾತ್ರ. ಹೊಸ್ತಿಲ ನಡುವೆ ಜ್ಯಾಕ್ ಕೊಟ್ಟರೆ ಹೊಸ್ತಿಲೇ ಮೇಲಕ್ಕೆ ಬಾಗುತ್ತದೆ, ಆಗ ನಿಜವಾದ ದುರಸ್ತಿ ಶುರುವಾಗುತ್ತದೆ. 5 ಮಿಮೀ ಎತ್ತಿ ಬಾಗಿಲು ಹಾಕಿ ನೋಡು, ಮತ್ತೆ 5 ಎತ್ತು, ಹೀಗೆ. ಸರಿ ಕೂತ ಎತ್ತರಕ್ಕೆ 3, 5, 10 ಮಿಮೀ ಕಬ್ಬಿಣದ ಪ್ಲೇಟು ತುಂಬಿ ಇಳಿಸುವುದು. ಜ್ಯಾಕ್ ಮೇಲಿರುವಾಗ ಅಡಿಗೆ ಕೈ ಹಾಕಬಾರದು, ಪ್ಲೇಟನ್ನು ಕಟ್ಟಿಗೆಯಿಂದ ನೂಕಬೇಕು.

ತಳಪಾಯವನ್ನೇ ಹೊಸದಾಗಿ ಮಾಡುವುದಾದರೆ ನಾಲ್ಕೂ ಮೂಲೆಗೆ ಎರಿ ಮಣ್ಣು ಕನಿಷ್ಠ 2-3 ಅಡಿ ತೆಗೆದು, ಗರಸು ಹಾಕಿ, 150 ಮಿಮೀ ಪದರಕ್ಕೊಮ್ಮೆ ನೀರು ಬಿಟ್ಟು ಧಮ್ಮಸು ಮಾಡಿ, ಮೇಲೆ 2 ಅಡಿ ಚೌಕದ ಕಾಂಕ್ರೀಟ್ ಹಾಕುತ್ತೇನೆ. ಎರಕದ ಮೂಲೆಗಳು ಉಳಿದ ತಳಕ್ಕಿಂತ ಸುಮಾರು 12.5 ಮಿಮೀ ಕೆಳಗೆ ಚಾಚಿರುವುದೇ ಭಾರ ಆ ನಾಲ್ಕರ ಮೇಲೆ ಬೀಳಲಿ ಎಂದು. ನಡುವೆ ಉದ್ದಕ್ಕೆ ಫರಸಿ ಕಲ್ಲು ಒತ್ತಿ ಇಡುವವರಿದ್ದಾರೆ, ಅದು ಬೇಡ. ಹಾವೇರಿ ಕಡೆಯ ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿ ಈ ತೊಂದರೆ ಅರ್ಧಕ್ಕರ್ಧ ಕಡಿಮೆ.

ನೆಲ ಸರಿಯಾದ ಮೇಲೂ ಬಾಗಿಲು ಕೂಡದಿದ್ದರೆ ಮುಂದೆ ನೋಡುವುದು ಬಿಜಾಗ್ರಿ. ಒಂದು ಬಾಗಿಲಿಗೆ ಸಾಮಾನ್ಯವಾಗಿ ನಾಲ್ಕು. ಪಿನ್ನು ತುಕ್ಕು ಹಿಡಿದು ಬುಷ್‌ನೊಳಗೆ ಕಚ್ಚಿಕೊಂಡಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಒಬ್ಬರು ಬಾಗಿಲನ್ನು ಸ್ವಲ್ಪ ಸ್ವಲ್ಪ ಹಿಂದೆ ಮುಂದೆ ಆಡಿಸುತ್ತಿರುವಾಗ ಇನ್ನೊಬ್ಬರು ಬಿಜಾಗ್ರಿಯನ್ನು ಸುತ್ತಿಗೆಯಿಂದ ಹಗುರಾಗಿ ಬಡಿಯಬೇಕು. ಅದಕ್ಕೂ ಬಿಡದಿದ್ದರೆ ಗ್ಯಾಸಿನ ಬಿಸಿ, ಅದೂ ಎಣ್ಣೆಯನ್ನು ಪೂರ್ತಿ ಒರೆಸಿದ ಮೇಲೆ. ಬಾಗಿಲಂಚಿನ ಸಂದು ಮುಚ್ಚುವ ರಬ್ಬರು ಹತ್ತಿರದಲ್ಲೇ ಇರುತ್ತದೆ, ಅದಕ್ಕೆ ಒದ್ದೆ ಗೋಣಿ ಕಟ್ಟದಿದ್ದರೆ ಸುಟ್ಟು ಹೋಗುತ್ತದೆ. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಯುವುದು ನಮ್ಮ ಕಡೆ ಸಾಮಾನ್ಯ. ಪಿನ್ನು ಬಿಡುವುದಿಲ್ಲ, ಬಿಜಾಗ್ರಿಯ ಪಟ್ಟಿ ಬಾಗುತ್ತದೆ, ನೂರರ ಕೆಲಸ ಸಾವಿರದ್ದಾಗುತ್ತದೆ.

ಇನ್ನು ಲಾಕ್ ರಾಡು. ಬಾಗಿಲಿಗೆ ಎರಡು, ಒಟ್ಟು ನಾಲ್ಕು. ರಾಡಿನ ಎರಡೂ ತುದಿಯಲ್ಲಿ ಕ್ಯಾಮ್ ಎಂಬ ಕೊಕ್ಕೆ, ಅದು ಕೂರುವ ಕೀಪರ್ ಮೇಲೆ ಕೆಳಗೆ ಚೌಕಟ್ಟಿಗೆ ಬೆಸೆದಿರುತ್ತದೆ. ಕ್ಯಾಮಿನ ಕೆಲಸ ಬರೀ ಬಾಗಿಲು ಮುಚ್ಚಿಡುವುದಲ್ಲ. ಹಾಕುವಾಗ ರಬ್ಬರನ್ನು ಒತ್ತುತ್ತದೆ, ತೆರೆಯುವಾಗ ಬಾಗಿಲನ್ನು ಹೊರಗೆ ನೂಕುತ್ತದೆ, ಚೌಕಟ್ಟು ಓರೆಯಾಗದಂತೆ ಹಿಡಿಯುವುದೂ ಅದೇ. ಫೋರ್ಕ್‌ಲಿಫ್ಟ್ ತಾಗಿ ಬಾಗಿದ ರಾಡನ್ನು ಕಾಯಿಸಿ ನೆಟ್ಟಗೆ ಮಾಡಬೇಡಿ, ಸತುವಿನ ಲೇಪ ಸುಟ್ಟು ಒಂದೇ ಮಳೆಗಾಲದಲ್ಲಿ ತುಕ್ಕು ಏರುತ್ತದೆ. ಸಣ್ಣ ಬಾಗು ಇದ್ದರೆ ಎರಡು ಕಟ್ಟಿಗೆಯ ದಿಮ್ಮಿಯ ಮೇಲಿಟ್ಟು ತಣ್ಣಗೇ ಒತ್ತಬಹುದು. ಕ್ಯಾಮಿನ ಹತ್ತಿರ ಬಾಗಿದ್ದರೆ ಅಥವಾ ಬೆಸುಗೆ ಸೀಳಿದ್ದರೆ ರಾಡೇ ಬದಲಿಸುವುದು. ಹೊಸ ರಾಡಿಗೆ ಕ್ಯಾಮ್ ಬೆಸೆಯುವಾಗ ಮೇಲಿನದೂ ಕೆಳಗಿನದೂ ಒಂದೇ ಕೋನದಲ್ಲಿರಬೇಕು. ಅದಕ್ಕೆ ರಾಡನ್ನು ಬಾಗಿಲಿನ ಬ್ರ್ಯಾಕೆಟ್‌ನಲ್ಲೇ ಕೂರಿಸಿ, ಎರಡೂ ಕ್ಯಾಮನ್ನು ಕೀಪರ್ ಒಳಗೆ ಸೇರಿಸಿ, ಆ ಸ್ಥಿತಿಯಲ್ಲೇ ಟ್ಯಾಕ್ (ಹಿಡಿದು ನಿಲ್ಲಿಸುವಷ್ಟು ಚುಕ್ಕೆ ಬೆಸುಗೆ) ಹಾಕುತ್ತೇನೆ. ಪೂರ್ತಿ ಬೆಸುಗೆ ಆಮೇಲೆ. ಬೆಸೆಯುವ ಜಾಗದ ಸತುವನ್ನು ಮೊದಲು ಗ್ರೈಂಡರಿನಿಂದ ತೆಗೆಯಲೇಬೇಕು, ಆ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ. ಬಾಗಿಲು ತೆರೆದಿಟ್ಟು, ಗಾಳಿಗೆ ಬೆನ್ನು ಕೊಟ್ಟು ಒಂದು ಪಕ್ಕಕ್ಕೆ ನಿಲ್ಲಬೇಕು.

ತಗಡು ತೂತಾಗುವುದು ಹೆಚ್ಚಾಗಿ ಕೆಳಗಿನ ಒಂದಡಿಯಲ್ಲಿ, ನೀರು ನಿಲ್ಲುವ ಕಡೆ. ಸುತ್ತಿಗೆಯ ತುದಿಯಿಂದ ಬಡಿದು ಗಟ್ಟಿ ಸದ್ದು ಬರುವವರೆಗೂ ಹೋಗಿ ಅಲ್ಲಿ ಗೆರೆ ಎಳೆದು ಕತ್ತರಿಸುತ್ತೇನೆ. ತೂತಿನಷ್ಟೇ ತುಂಡು ಹಾಕಿದರೆ ಅಂಚು ಮತ್ತೆ ಕೊಳೆಯುತ್ತದೆ. 150 ಮಿಮೀಗಿಂತ ಸಣ್ಣ ತುಂಡು ನಾನು ಹಾಕುವುದಿಲ್ಲ. ಬಾಗಿಲ ತಗಡು ಸುಮಾರು 2 ಮಿಮೀ, ತುಕ್ಕು ತಡೆಯುವ ಕಾರ್ಟೆನ್ ಉಕ್ಕು. ಅದೇ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ 2 ಮಿಮೀ ಎಂಎಸ್ (ಸಾದಾ ಉಕ್ಕಿನ) ಶೀಟು ನಡೆಯುತ್ತದೆ, ಆದರೆ ಅದು ಬೇಗ ತುಕ್ಕು ಹಿಡಿಯುವುದರಿಂದ ಬಣ್ಣದಲ್ಲಿ ಕಂಜೂಸಿ ಮಾಡಬಾರದು. ಏಣಿನ ಅಳತೆಗೆ ಬೆಂಡಿಂಗ್ ಅಂಗಡಿಯಲ್ಲಿ ಮಡಚಿಸಿ, ಮೂಲೆಗಳನ್ನು ದುಂಡಗೆ ಮಾಡಿ, ಅಂಚಿಗೆ ಅಂಚು ಸೇರಿಸಿ 50 ಮಿಮೀಗೊಂದು ಟ್ಯಾಕ್. ನಂತರ ಒಂದು ಕಡೆ ಒಂದಿಂಚು, ಎದುರು ಕಡೆ ಒಂದಿಂಚು ಬೆಸೆಯುತ್ತಾ ಹೋಗುವುದು. ಒಂದೇ ಎಳೆತದಲ್ಲಿ ಎಳೆದರೆ ಶಾಖಕ್ಕೆ ತಗಡು ಡಬ್ಬದ ಮುಚ್ಚಳದಂತೆ ಉಬ್ಬುತ್ತದೆ, ಆಮೇಲೆ ಅದು ಇಳಿಯುವುದಿಲ್ಲ. ಸಿಒಟು (ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ) ಬೆಸುಗೆಗೆ 0.8 ಮಿಮೀ ತಂತಿ. ಗದಗದ ಕಡೆ ಮುಂಗಾರಿನ ಗಾಳಿಗೆ ಗ್ಯಾಸು ನಿಲ್ಲುವುದಿಲ್ಲ, ಬೆಸುಗೆಯಲ್ಲಿ ಜರಡಿಯಂತೆ ತೂತು ಬೀಳುತ್ತವೆ. ತಾಡಪತ್ರಿ ಕಟ್ಟಬೇಕು, ಇಲ್ಲವೇ 2.5 ಮಿಮೀ 6013 ನಂಬರಿನ ಬೆಸುಗೆ ರಾಡಿನಲ್ಲಿ 70-80 ಆಂಪಿಯರಿಗೆ ಬೆಸೆಯಬೇಕು. ಅರ್ಥಿಂಗ್ ಕ್ಲಿಪ್ಪನ್ನು ಬೆಸೆಯುತ್ತಿರುವ ಬಾಗಿಲಿಗೇ ಹಾಕಿ. ಕಂಟೇನರಿನ ಮೈಗೆ ಹಾಕಿದರೆ ಕರೆಂಟು ಬಿಜಾಗ್ರಿಯ ಪಿನ್ನಿನ ಮೂಲಕ ಹಾದು ಪಿನ್ನನ್ನು ಸುಡುತ್ತದೆ. ಒಳಗೆ ಪ್ಲೈವುಡ್ ನೆಲವಿದೆ ಎಂಬುದನ್ನು ಮರೆಯಬಾರದು, ನೀರಿನ ಬಕೆಟ್ಟು ಕೈಯಳತೆಯಲ್ಲಿರಲಿ. ಕೆಲಸ ಮುಗಿದ ಅರ್ಧ ತಾಸಿನವರೆಗೆ ಒಬ್ಬರು ಅಲ್ಲೇ ಇರಬೇಕು.

ಬಾಗಿಲನ್ನೇ ಬದಲಿಸುವುದು ಅದರ ಸುತ್ತಲಿನ ಚೌಕ ಪೈಪೇ ಮಡಚಿದ್ದಾಗ ಅಥವಾ ಕೆಳಗಿನ ಅಡ್ಡಪಟ್ಟಿ ಪೂರ್ತಿ ಕೊಳೆತಾಗ. ಹಳೆಯ ಕಂಟೇನರಿನ ಬಾಗಿಲು ತರುವ ಮುಂಚೆ ಅಳೆಯಬೇಕಾದದ್ದು ಮೂರು: ಬಾಗಿಲ ಎತ್ತರ, ಹೊಸ್ತಿಲಿನಿಂದ ಒಂದೊಂದು ಬಿಜಾಗ್ರಿಯ ನಡುವಿಗೆ ಇರುವ ದೂರ, ಕಂಬದಿಂದ ಕೀಪರ್‌ಗಳ ದೂರ. 8 ಅಡಿ 6 ಇಂಚಿನ ಕಂಟೇನರಿಗೆ 9 ಅಡಿ 6 ಇಂಚಿನದರ ಬಾಗಿಲು ಬರುವುದಿಲ್ಲ. ಒಂದೇ ಎತ್ತರದ್ದಾದರೂ ಕಾರ್ಖಾನೆಯಿಂದ ಕಾರ್ಖಾನೆಗೆ ಬಿಜಾಗ್ರಿಯ ಜಾಗ ಬೇರೆ. ಎಡ ಬಲ ಅದಲು ಬದಲು ಮಾಡಲಾಗದು, ಬಲ ಬಾಗಿಲು ಎಡದ್ದರ ಮೇಲೆ ಕೂತು ಕೊನೆಗೆ ಮುಚ್ಚಿಕೊಳ್ಳುವಂಥದ್ದು.

ಒಂದು ಬಾಗಿಲು ನೂರು ಕೆಜಿ ದಾಟುತ್ತದೆ, ಆದ್ದರಿಂದ ಚೈನ್ ಬ್ಲಾಕ್ ಅಥವಾ ಫೋರ್ಕ್‌ಲಿಫ್ಟ್ ಇಲ್ಲದೆ ಮುಟ್ಟುವುದಿಲ್ಲ. ಬಾಗಿಲಿಗೆ ಮೇಲಿನಿಂದ ಆಸರೆ ಕೊಟ್ಟ ಮೇಲೆಯೇ ಪಿನ್ನು ಕತ್ತರಿಸುವುದು, ಕೆಳಗಿನಿಂದ ಮೇಲಕ್ಕೆ, ಮೇಲಿನ ಪಿನ್ನು ಕೊನೆಗೆ. ಹೊಸ ಬಾಗಿಲ ಬಿಜಾಗ್ರಿ ತಾಳೆಯಾಗದಿದ್ದರೆ ಅದರ ಪಟ್ಟಿಗಳನ್ನು ಕತ್ತರಿಸಿ ತೆಗೆದು, ಬಾಗಿಲನ್ನು ಮೊದಲು ಅದರ ಜಾಗದಲ್ಲಿ ಕೂರಿಸುತ್ತೇನೆ. ಕೆಳಗೆ ಕಟ್ಟಿಗೆಯ ಬೆಣೆ. ರಬ್ಬರು ಇನ್ನೂ ಹಾಕಿರುವುದಿಲ್ಲವಾದ್ದರಿಂದ, ಸರಿಯಿರುವ ಇನ್ನೊಂದು ಬಾಗಿಲಿನಲ್ಲಿ ರಬ್ಬರು ಒತ್ತಿ ಕೂತಾಗ ಎಷ್ಟು ಎಡೆ ಉಳಿಯುತ್ತದೋ ಅಷ್ಟು ದಪ್ಪದ ರೀಪು ಸುತ್ತಲೂ ಇಟ್ಟು, ಕ್ಯಾಮ್ ಹಾಕಿ ಲಾಕ್ ಮಾಡಿಬಿಡುತ್ತೇನೆ. ಬಾಗಿಲು ಮುಚ್ಚಿದ ಸ್ಥಿತಿಯಲ್ಲೇ ಪಟ್ಟಿಗಳನ್ನು ಪಿನ್ನಿನೊಂದಿಗೆ ಕಂಬದ ಬಿಜಾಗ್ರಿಗೆ ಸೇರಿಸಿ ಬಾಗಿಲಿಗೆ ಟ್ಯಾಕ್ ಹಾಕುವುದು. ತೆರೆದಿಟ್ಟು ಬೆಸೆದು ಆಮೇಲೆ ಮುಚ್ಚಿ ನೋಡಿದರೆ ಹತ್ತರಲ್ಲಿ ಒಂಬತ್ತು ಸಲ ಕ್ಯಾಮ್ ಕೂಡುವುದಿಲ್ಲ. ಟ್ಯಾಕ್ ಆದ ಮೇಲೆ ನಾಲ್ಕೈದು ಸಲ ತೆರೆದು ಮುಚ್ಚಿ, ಆಮೇಲೆ 7018 ರಾಡಿನಲ್ಲಿ ಪೂರ್ತಿ ಬೆಸುಗೆ.

ಬಣ್ಣ ರಬ್ಬರಿಗಿಂತ ಮೊದಲು. ಬೆಸುಗೆ ಉಜ್ಜಿ, ಅದೇ ದಿನ ಸತುವಿನ ಎಪಾಕ್ಸಿ ಪ್ರೈಮರ್, ಮೇಲೆ ಎರಡು ಕೈ ಬಣ್ಣ. ರಬ್ಬರು ಇಪಿಡಿಎಂ ಜಾತಿಯದು, 20 ಅಡಿ ಕಂಟೇನರಿನ ಎರಡೂ ಬಾಗಿಲಿಗೆ ಸುಮಾರು 14 ಮೀಟರ್ ಬೇಕು, ನಾನು 15 ತರುತ್ತೇನೆ. ಮೂಲೆಯಲ್ಲಿ 45 ಡಿಗ್ರಿಗೆ ಕತ್ತರಿಸಿ ಅಂಟಿಸಬೇಕು. ಎಳೆದು ಹಾಕಬಾರದು, ಎಳೆದ ರಬ್ಬರು ಬಿಸಿಲಿಗೆ ಹಿಂದೆ ಸರಿದು ಮೂಲೆಯಲ್ಲಿ ಸಂದು ಬಿಡುತ್ತದೆ. ಜೋಡಣೆ ಮೇಲಂಚಿನಲ್ಲಿ ಬರಬಾರದು, ಬಿಜಾಗ್ರಿ ಕಡೆಯ ನಿಲುವಿನಲ್ಲಿ ಬರಲಿ. ರಬ್ಬರನ್ನು ಹಿಡಿಯುವ ಪಟ್ಟಿಗೆ ಸ್ಟೀಲ್ ರಿವೆಟ್. ಅಲ್ಯುಮಿನಿಯಂ ರಿವೆಟ್ ಕಬ್ಬಿಣದ ಜೊತೆ ಸೇರಿ ಬೇಗ ಸವೆಯುತ್ತದೆ.

ಪರೀಕ್ಷೆಗೆ ಮಧ್ಯಾಹ್ನದ ಬಿಸಿಲೇ ಸಾಕು. ಒಬ್ಬರು ಒಳಗೆ, ಒಬ್ಬರು ಹೊರಗೆ ಹಿಡಿಕೆಯ ಹತ್ತಿರ. ಬಾಗಿಲು ಹಾಕಿ ಐದು ನಿಮಿಷ, ಕಣ್ಣು ಕತ್ತಲೆಗೆ ಹೊಂದಿದ ಮೇಲೆ ಎಲ್ಲಿ ಬೆಳಕಿನ ಚುಕ್ಕೆ ಕಂಡಿತೋ ಅಲ್ಲಿ ಸೀಮೆಸುಣ್ಣದ ಗುರುತು. ಬ್ಯಾಡಗಿ ಮೆಣಸಿನಕಾಯಿ ಇಡುವ ಕಂಟೇನರ್ ಆದರೆ ಒಂದೇ ಒಂದು ಚುಕ್ಕೆಯನ್ನೂ ಬಿಡುವುದಿಲ್ಲ. ತೇವ ಹೊಕ್ಕರೆ ಕಾಯಿ ಬೂಷ್ಟು ಹಿಡಿದು ಬಣ್ಣ ಕೆಡುತ್ತದೆ, ಬೆಲೆ ನಿಂತಿರುವುದೇ ಆ ಬಣ್ಣದ ಮೇಲೆ.

ಹಡಗಿಗೆ ಮರಳಿ ಹೋಗುವ ಕಂಟೇನರ್ ಆದರೆ ಲೆಕ್ಕ ಬೇರೆ. ಎಡ ಬಾಗಿಲ ಮೇಲಿರುವ ಸಿಎಸ್‌ಸಿ (ಸುರಕ್ಷತಾ ಒಪ್ಪಿಗೆಯ) ಫಲಕ ಆ ಪೆಟ್ಟಿಗೆಯದು, ಬಾಗಿಲಿನದಲ್ಲ. ಬೇರೆ ಪೆಟ್ಟಿಗೆಯ ಫಲಕ ಹೊತ್ತ ಬಾಗಿಲನ್ನು ಹಾಗೇ ತೂಗುಹಾಕುವಂತಿಲ್ಲ. ಬಲ ಬಾಗಿಲ ಮೇಲಿನ ನಾಲ್ಕು ಅಕ್ಷರ, ಏಳು ಅಂಕಿಯ ಸಂಖ್ಯೆಯನ್ನೂ ತಾಳೆ ನೋಡಿ ಹೊಸದಾಗಿ ಬರೆಸಬೇಕು. ಅಂಥ ದುರಸ್ತಿಯನ್ನು ಮಾಲೀಕ ಕಂಪನಿಯ ಪರಿಶೀಲಕ ನೋಡಿ ಒಪ್ಪಬೇಕು. ಗೋದಾಮು, ಸೈಟ್ ಆಫೀಸಿಗೆ ಇದಾವುದೂ ಬೇಕಿಲ್ಲ.

ಹೊಸ ರಬ್ಬರಿಗೆ ಹಿಡಿಕೆ ಒಂದೆರಡು ವಾರ ಬಿಗಿಯಾಗಿರುತ್ತದೆ. ಪೈಪು ತೂರಿಸಿ ಎಳೆದರೆ ರಾಡು ತಿರುಚುತ್ತದೆ. ಭುಜ ಕೊಟ್ಟು ಬಾಗಿಲನ್ನು ಒತ್ತಿ ಹಿಡಿದರೆ ಕ್ಯಾಮ್ ತಾನೇ ಸೇರುತ್ತದೆ. ಎರಿ ಭೂಮಿಯ ಗಿರಾಕಿಗಳಿಗೆ 3 ಮತ್ತು 5 ಮಿಮೀ ಪ್ಲೇಟು ನಾಲ್ಕು ನಾಲ್ಕು ಕತ್ತರಿಸಿ ಕೊಟ್ಟು ಬರುತ್ತೇನೆ. ಮುಂಗಾರಿನ ದೊಡ್ಡ ಮಳೆ ಬಿದ್ದು ಹದಿನೈದು ದಿನವಾದ ಮೇಲೆ ಒಮ್ಮೆ, ಹಿಂಗಾರು ಮುಗಿದು ನೆಲ ಬಿರುಕು ಬಿಟ್ಟ ಮೇಲೆ ಇನ್ನೊಮ್ಮೆ, ಬಾಗಿಲ ಮೇಲಂಚು ನೋಡಿ ಪ್ಲೇಟು ಹಾಕುವುದೋ ತೆಗೆಯುವುದೋ ಮಾಡಿಕೊಳ್ಳಬೇಕು.