ಕೂತವರ ಹತ್ತಿರ ಅಳಿಲು ಬರುತ್ತದೆ: ಮಕ್ಕಳ ಜೊತೆ ಪಾರ್ಕಿನಲ್ಲಿ ನನ್ನ ಅನುಭವ

ಮಕ್ಕಳಿಗೆ ಅಳಿಲು, ಹಕ್ಕಿ ತೋರಿಸೋಣ ಅಂತ ಮೊದಲ ಸಲ ಪಾರ್ಕಿಗೆ ಹೋದಾಗ ನಾವು ಯಾವುದನ್ನೂ ಸರಿಯಾಗಿ ನೋಡಲಿಲ್ಲ. ಅಳಿಲು ಕಂಡ ಕೂಡಲೇ ಐದು ವರ್ಷದ ಮಗ ಅದರ ಹಿಂದೆ ಓಡಿದ. ಅದು ಸರ್ರನೆ ಮರ ಹತ್ತಿತು. ಪಾರಿವಾಳಗಳ ನಡುವೆ ನುಗ್ಗಿದ, ಎಲ್ಲವೂ ಒಟ್ಟಿಗೆ ಹಾರಿದವು. "ಅಮ್ಮಾ, ಇವನು ಎಲ್ಲಾನೂ ಓಡಿಸ್ತಾನೆ" ಅಂತ ಒಂಬತ್ತು ವರ್ಷದ ಮಗಳಿಗೆ ಅಳು. ಒಂದು ಗಂಟೆಯಲ್ಲಿ ಇಡೀ ಪಾರ್ಕನ್ನು ಎರಡು ಸುತ್ತು ಹಾಕಿ ಎಲ್ಲರೂ ಸುಸ್ತಾದೆವು.

ಅತ್ತೆಗೆ ಮಂಡಿನೋವು. ಅವರು ನಮ್ಮ ಜೊತೆ ಸುತ್ತದೆ ದೊಡ್ಡ ಮರದ ಕೆಳಗಿನ ಬೆಂಚಿನ ಮೇಲೆ ಕೂತಿದ್ದರು. ನಾವು ವಾಪಸ್ ಬರುವಾಗ ದೂರದಿಂದಲೇ ಕೈ ಎತ್ತಿ ತಡೆದರು. ನೋಡಿದರೆ ಅವರ ಚಪ್ಪಲಿಯಿಂದ ಎರಡು ಅಡಿ ಆಚೆ ಒಂದು ಅಳಿಲು ಹಿಂಗಾಲ ಮೇಲೆ ಕೂತು ಏನೋ ಕಾಯಿ ಕಡಿಯುತ್ತಿತ್ತು. ನಾವು ಅಷ್ಟು ಅಲೆದರೂ ಸಿಗದಿದ್ದದ್ದು ಅವರಿಗೆ ಕೂತಲ್ಲೇ ಸಿಕ್ಕಿತ್ತು. "ನಾನೇನೂ ಮಾಡ್ಲಿಲ್ಲ, ಸುಮ್ನೆ ಕೂತಿದ್ದೆ ಅಷ್ಟೇ" ಅಂದರು.

ಅವತ್ತಿನಿಂದ ನಾವು ಪಾರ್ಕು ಸುತ್ತುವುದನ್ನು ಬಿಟ್ಟೆವು. ಈಗ ಹೋಗುವುದೇ ಕೂರುವುದಕ್ಕೆ. ಸುಮಾರು ಒಂದು ವರ್ಷದಿಂದ ವಾರಕ್ಕೊಂದು ಸಲ ಹೀಗೆ ಹೋಗುತ್ತಿದ್ದೇವೆ. ಚಿಕ್ಕ ಮಕ್ಕಳಿರುವವರಿಗೆ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ.

ಜಾಗ ಆರಿಸುವುದು ಮುಖ್ಯ. ಒಂದು ಹಳೆಯ ಮರ, ಹತ್ತಿರದಲ್ಲಿ ಸ್ವಲ್ಪ ಪೊದೆ, ಆಸುಪಾಸಿನಲ್ಲಿ ನೀರು ಇದ್ದರೆ ಸಾಕು. ನಾಯಿಗಳನ್ನು ವಾಕಿಂಗ್ ಕರೆತರುವ ದಾರಿ ಬೇಡ. ಬೆಳಗ್ಗೆ ಬೇಗ ಹೋದರೆ ಒಳ್ಳೆಯದು, ಇಲ್ಲದಿದ್ದರೆ ಬಿಸಿಲು ಇಳಿದ ಮೇಲೆ. ನಡು ಮಧ್ಯಾಹ್ನ ಹಕ್ಕಿ, ಅಳಿಲು ಎಲ್ಲವೂ ನೆರಳು ಹುಡುಕಿ ಸುಮ್ಮನಾಗುತ್ತವೆ. ಮಕ್ಕಳೂ ಆ ಹೊತ್ತಿಗೆ ರಗಳೆ ಮಾಡುತ್ತಾರೆ.

ನಾವು ಹೋಗಿ ಕೂತ ತಕ್ಷಣ ಏನೂ ಕಾಣುವುದಿಲ್ಲ. ನಾವು ಬಂದ ಸದ್ದಿಗೆ ಎಲ್ಲವೂ ಮೇಲೆ ಹೋಗಿರುತ್ತವೆ. ಹತ್ತು ನಿಮಿಷ ಕಳೆದ ಮೇಲೆ ಒಂದೊಂದೇ ವಾಪಸ್ ಬರುತ್ತವೆ. ಈ ಹತ್ತು ನಿಮಿಷ ದಾಟಿಸುವುದೇ ಕಷ್ಟ. ಐದು ವರ್ಷದ ಹುಡುಗನಿಗೆ "ಸುಮ್ನೆ ಕೂತ್ಕೋ" ಅಂದರೆ ಆಗುವ ಕೆಲಸ ಅಲ್ಲ. ನಾನು ಅವನಿಗೆ ಒಂದು ಕೆಲಸ ಕೊಟ್ಟೆ. ಕಣ್ಣು ಮುಚ್ಚಿಕೊಂಡು, ಹೊಸ ಸದ್ದು ಕೇಳಿದಾಗಲೆಲ್ಲ ಒಂದು ಬೆರಳು ಮಡಚಬೇಕು. ಹತ್ತೂ ಬೆರಳು ಮಡಚಿದ ಮೇಲೆ ಕಣ್ಣು ತೆರೆಯಬಹುದು. ಮೊದಲ ವಾರ ಮೂರೇ ಬೆರಳಿಗೆ ಎದ್ದು ಓಡಿದ. ಬೈಯಲಿಲ್ಲ. ಸ್ವಲ್ಪ ಹೊತ್ತು ಹುಲ್ಲಿನ ಮೇಲೆ ಓಡಲು ಬಿಟ್ಟು ಆಮೇಲೆ ಮತ್ತೆ ಕೂರಿಸಿದೆ. ನಾಲ್ಕನೇ ವಾರದ ಹೊತ್ತಿಗೆ ಹತ್ತು ಬೆರಳು ಮುಗಿಸಿದ. ಮಕ್ಕಳಿಗೆ ಓಡುವುದಕ್ಕೂ ಹೊತ್ತು ಬೇಕು. ಅದನ್ನು ಮೊದಲೇ ಮುಗಿಸಿದರೆ ಕೂರುವುದು ಸುಲಭ.

ಕೂತರೆ ಏನು ಕಾಣುತ್ತದೆ ಅಂತ ಹೇಳಬೇಕು. ಅಳಿಲು ಮರದಿಂದ ತಲೆ ಕೆಳಗಾಗಿ ಇಳಿಯುವುದನ್ನು ನಾನು ಸಾವಿರ ಸಲ ನೋಡಿದ್ದೆ. ಆದರೆ ಅದರ ಕಾಲನ್ನು ನೋಡಿರಲೇ ಇಲ್ಲ. ಮಗಳು ತೋರಿಸಿದಳು. ಇಳಿಯುವಾಗ ಅದರ ಹಿಂಗಾಲಿನ ಪಾದ ಪೂರ್ತಿ ಹಿಂದಕ್ಕೆ ತಿರುಗುತ್ತದೆ. ಉಗುರು ಮೇಲ್ಮುಖವಾಗಿ ತೊಗಟೆಯನ್ನು ಹಿಡಿದಿರುತ್ತದೆ, ಇಡೀ ಮೈ ಆ ಎರಡು ಪಾದಗಳಿಂದ ಜೋತಾಡುತ್ತದೆ. ಅರ್ಧ ದಾರಿಯಲ್ಲಿ ನಿಂತು, ಮುಂಗಾಲನ್ನು ಎದೆಗೆ ಒತ್ತಿಕೊಂಡು ನಮ್ಮನ್ನೇ ನೋಡಿತು. ಬಾಲ ಎರಡು ಸಲ ಪಟಪಟ ಅಂತ ಆಡಿತು. ನಾವು ಅಲ್ಲಾಡಲಿಲ್ಲ. ಆಮೇಲೆ ಕೆಳಗಿಳಿದು ಒಂದು ಕಾಯಿ ಎತ್ತಿಕೊಂಡಿತು. ಎರಡು ಕೈಯಲ್ಲಿ ತಿರುಗಿಸಿ ತಿರುಗಿಸಿ ಕಡಿಯುತ್ತಿದ್ದ ಸದ್ದು ನಮಗೆ ಕೇಳುತ್ತಿತ್ತು. ಮಗಳು ಬೆರಳು ಎಣಿಸಿದಳು. ಮುಂಗಾಲಿನಲ್ಲಿ ನಾಲ್ಕು, ಹಿಂಗಾಲಿನಲ್ಲಿ ಐದು. ಅದರ ಮುಂದಿನ ಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ, ಕಡಿದು ಕಡಿದೇ ಸವೆಸಬೇಕು ಅಂತ ಹೇಳಿದೆ. ಮಗನಿಗೆ ಆಗ ತಾನೇ ಹಾಲುಹಲ್ಲು ಅಲ್ಲಾಡುತ್ತಿತ್ತು. ಅದನ್ನು ಮುಟ್ಟಿ ನೋಡಿಕೊಂಡ.

ಪಾರಿವಾಳ ಅಂದರೆ ದೊಡ್ಡವರಿಗೆ ಬೇಜಾರು. ಮಕ್ಕಳ ಜೊತೆ ನೋಡಲು ಅದಕ್ಕಿಂತ ಸುಲಭದ ಹಕ್ಕಿ ಇಲ್ಲ ಅಂತ ನನಗನಿಸುತ್ತದೆ. ಹತ್ತಿರ ಬರುತ್ತದೆ, ನಿಧಾನ ನಡೆಯುತ್ತದೆ. ನಡೆಯುವಾಗ ತಲೆಯನ್ನು ಹಿಂದೆ ಮುಂದೆ ಆಡಿಸುತ್ತದೆ ಅಂತ ನಮಗೆ ಕಾಣುತ್ತದೆ, ಅಲ್ವಾ? ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆದು ನೋಡಿದೆವು. ತಲೆ ಹಿಂದಕ್ಕೆ ಹೋಗುವುದೇ ಇಲ್ಲ. ಮುಂದಕ್ಕೆ ಚಾಚಿ, ಅಲ್ಲೇ ನಿಲ್ಲಿಸಿಕೊಳ್ಳುತ್ತದೆ. ಮೈ ಹಿಂದಿನಿಂದ ಬಂದು ಸೇರಿಕೊಳ್ಳುತ್ತದೆ. ತಲೆ ನಿಂತಿರುವ ಆ ಹೊತ್ತಿನಲ್ಲಿ ಸುತ್ತಲಿನದು ಅದಕ್ಕೆ ಸ್ಪಷ್ಟವಾಗಿ ಕಾಣುತ್ತದೆ. 1978ರಲ್ಲಿ ಕೆನಡಾದ ಬ್ಯಾರಿ ಫ್ರಾಸ್ಟ್ ಅನ್ನುವ ವಿಜ್ಞಾನಿ ಪಾರಿವಾಳಗಳನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡಿದ್ದರು. ಟ್ರೆಡ್‌ಮಿಲ್ ಮೇಲೆ ಎಷ್ಟು ನಡೆದರೂ ಇದ್ದಲ್ಲೇ ಇರುವುದರಿಂದ ಸುತ್ತಲಿನದು ಹಿಂದಕ್ಕೆ ಸರಿಯುವುದಿಲ್ಲ. ಆಗ ಅವು ತಲೆ ಆಡಿಸುವುದನ್ನು ನಿಲ್ಲಿಸಿದವು. ಇದನ್ನು ಹೇಳಿದ ದಿನ ಮಗ ಮನೆಯವರೆಗೂ ಪಾರಿವಾಳದ ಹಾಗೇ ನಡೆದ.

ನೀರು ಕುಡಿಯುವುದನ್ನೂ ನೋಡಿಸಿ. ಬಹಳಷ್ಟು ಹಕ್ಕಿಗಳು ಒಂದು ಗುಟುಕು ತೆಗೆದುಕೊಂಡು ತಲೆ ಎತ್ತಿ ನುಂಗುತ್ತವೆ. ಪಾರಿವಾಳ ಕೊಕ್ಕು ಮುಳುಗಿಸಿ, ತಲೆ ಎತ್ತದೆ ಹೀರುತ್ತದೆ.

ತಿನ್ನಲು ಹಾಕುವ ವಿಷಯದಲ್ಲಿ ನಾವು ಒಂದು ತಪ್ಪು ಮಾಡಿದೆವು. ಎರಡನೇ ತಿಂಗಳು ಒಂದು ಅಳಿಲು ತುಂಬಾ ಸಲುಗೆಯಿಂದ ಹತ್ತಿರ ಬರುತ್ತಿತ್ತು. ಮಗಳು ಬಿಸ್ಕತ್ತಿನ ಚೂರನ್ನು ಬೆರಳ ತುದಿಯಲ್ಲಿ ಹಿಡಿದಳು. ಎಷ್ಟು ಚೆನ್ನಾಗಿದೆ ಅಂತ ನಾನೂ ಸುಮ್ಮನಿದ್ದೆ. ಅಳಿಲು ಬಿಸ್ಕತ್ತಿನ ಜೊತೆ ಬೆರಳನ್ನೂ ಕಚ್ಚಿತು. ಸಿಟ್ಟಿನಿಂದ ಅಲ್ಲ, ಯಾವುದು ತಿಂಡಿ ಯಾವುದು ಬೆರಳು ಅಂತ ಅದಕ್ಕೆ ತಿಳಿಯಲಿಲ್ಲ ಅಷ್ಟೇ. ಚಿಕ್ಕ ಗಾಯ, ಆದರೆ ರಕ್ತ ಬಂತು. ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು, ನೇರ ಡಾಕ್ಟರ ಹತ್ತಿರ ಹೋದೆವು. ಅಳಿಲಿನಂಥ ಸಣ್ಣ ಪ್ರಾಣಿಗಳಿಂದ ರೇಬಿಸ್ ಬರುವುದು ತೀರಾ ಅಪರೂಪ. ಆದರೂ ಯಾವ ಪ್ರಾಣಿ ಕಚ್ಚಿದರೂ, ಪರಚಿದರೂ ಏನು ಮಾಡಬೇಕು ಅಂತ ಹೇಳಬೇಕಾದವರು ಡಾಕ್ಟರೇ. ಮನೆಯಲ್ಲೇ ತೀರ್ಮಾನ ಮಾಡಬೇಡಿ.

ಆಮೇಲೆ ಕೈಯಿಂದ ಕೊಡುವುದನ್ನು ಪೂರ್ತಿ ನಿಲ್ಲಿಸಿದೆವು. ಕೆರೆಯ ಬಾತುಗಳಿಗೆ ಬ್ರೆಡ್ ಎಸೆಯುವುದನ್ನೂ ಬಿಟ್ಟೆವು. ಬ್ರೆಡ್‌ನಿಂದ ಅವುಗಳ ಹೊಟ್ಟೆ ತುಂಬುತ್ತದೆ, ಮೈಗೆ ಬೇಕಾದದ್ದು ಸಿಗುವುದಿಲ್ಲ. ಮಿಕ್ಕದ್ದು ನೀರಿನಲ್ಲಿ ಕೊಳೆತು ಪಾಚಿ ಜಾಸ್ತಿಯಾಗುತ್ತದೆ. ಮನುಷ್ಯರ ಕೈ ನೋಡಿ ಓಡಿ ಬರುವ ಅಭ್ಯಾಸ ಆದ ಪ್ರಾಣಿಗೇ ಮುಂದೆ ತೊಂದರೆ. ಎಲ್ಲರ ಕೈಯೂ ಒಂದೇ ಥರ ಇರುವುದಿಲ್ಲವಲ್ಲ. ಮಗಳು ಒಂದು ವಾರ ಬೇಜಾರು ಮಾಡಿಕೊಂಡಳು. ಆದರೆ ತಿಂಡಿ ಇಲ್ಲದಿದ್ದರೂ ಅವು ಬರುತ್ತವೆ ಅಂತ ಅವಳಿಗೇ ಗೊತ್ತಾಯಿತು.

ಎಷ್ಟು ದೂರ ಇರಬೇಕು ಅನ್ನುವುದಕ್ಕೆ ಮಕ್ಕಳಿಗೆ ಹೆಬ್ಬೆರಳಿನ ಲೆಕ್ಕ ಕಲಿಸಿದ್ದೇನೆ. ಕೈ ನೀಳವಾಗಿ ಚಾಚಿ, ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಎತ್ತಬೇಕು. ಪ್ರಾಣಿ ಹೆಬ್ಬೆರಳ ಹಿಂದೆ ಪೂರ್ತಿ ಮರೆಯಾದರೆ ನಾವು ಸರಿಯಾದ ದೂರದಲ್ಲಿದ್ದೇವೆ. ಕಂಡರೆ ಒಂದು ಹೆಜ್ಜೆ ಹಿಂದೆ. ಅದಾಗಿಯೇ ಹತ್ತಿರ ಬಂದರೆ ಬರಲಿ, ನಾವು ಮಾತ್ರ ಮುಂದೆ ಹೋಗುವ ಹಾಗಿಲ್ಲ. ಬೈನಾಕ್ಯುಲರ್ ಇದ್ದರೆ ಹಗುರವಾದದ್ದು ಸಾಕು. ಭಾರದ್ದಾದರೆ ಚಿಕ್ಕ ಕೈಗಳು ನಡುಗಿ ಏನೂ ಕಾಣುವುದಿಲ್ಲ.

ಕಾಗೆಗಳು ನಮ್ಮನ್ನು ಗುರುತು ಹಿಡಿಯುತ್ತವೆ ಅನ್ನುವುದು ಮಗನಿಗೆ ತುಂಬಾ ನಾಟಿತು. 2006ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಜಾನ್ ಮಾರ್ಜ್ಲಫ್ ಅನ್ನುವ ವಿಜ್ಞಾನಿ ಮುಖವಾಡ ಹಾಕಿಕೊಂಡು ಕೆಲವು ಕಾಗೆಗಳನ್ನು ಹಿಡಿದು ಬಿಟ್ಟರು. ವರ್ಷಗಳ ಮೇಲೂ ಆ ಮುಖವಾಡ ಕಂಡರೆ ಕಾಗೆಗಳು ಸೇರಿ ಕೂಗುತ್ತಿದ್ದವು. ಹಿಡಿಸಿಕೊಳ್ಳದೆ ಇದ್ದ ಕಾಗೆಗಳೂ ಕೂಗುತ್ತಿದ್ದವು. "ಹಾಗಾದ್ರೆ ನಾನು ಕಲ್ಲು ಎಸೆದ್ರೆ ಅದು ಬೇರೆಯವ್ರಿಗೂ ಹೇಳುತ್ತಾ?" ಅಂತ ಕೇಳಿದ. ಹೌದು, ಒಂದು ಲೆಕ್ಕದಲ್ಲಿ ಹಾಗೇ ಅಂದೆ. ಅವನು ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟ.

ಕಳೆದ ವಾರ ನಮ್ಮ ಬೆಂಚಿನ ಹತ್ತಿರ ಒಂದು ಹಕ್ಕಿಮರಿ ಹುಲ್ಲಿನ ಮೇಲೆ ಕೂತಿತ್ತು. ಪುಕ್ಕ ಬಂದಿತ್ತು, ಬಾಲ ಮಾತ್ರ ಮೋಟು. ಮನೆಗೆ ತೆಗೆದುಕೊಂಡು ಹೋಗೋಣ ಅಂತ ಮಗಳು ಹಟ ಹಿಡಿದಳು. ಪುಕ್ಕ ಬಂದ ಮರಿ ಹಾರಲು ಕಲಿಯುವಾಗ ಹೀಗೆ ಕೆಳಗೆ ಇರುವುದು ಸಹಜ. ಅಪ್ಪ ಅಮ್ಮ ಸುತ್ತಮುತ್ತಲೇ ಇದ್ದು ಗುಟುಕು ಕೊಡುತ್ತವೆ. ನಾವು ನಿಂತಿದ್ದರೆ ಅವು ಬರುವುದಿಲ್ಲ. ಅತ್ತೆಯನ್ನು ಕೈಹಿಡಿದು ಎಬ್ಬಿಸಿ, ಇನ್ನೊಂದು ಮರದ ಹತ್ತಿರ ಹೋಗಿ ಕೂತೆವು. ಬೆಕ್ಕು ಬರುತ್ತದಾ ಅಂತ ನನ್ನ ಗಂಡ ದೂರದಿಂದ ನೋಡುತ್ತಿದ್ದರು. ಇಪ್ಪತ್ತು ನಿಮಿಷ ಏನೂ ಆಗಲಿಲ್ಲ. ನಾನು ಕಾಲು ಬದಲಿಸಿ ಕೂರಲು ಹೋದೆ.

"ಅಮ್ಮಾ, ಅಲ್ಲಾಡ್ಬೇಡ" ಅಂತ ಮಗ ಪಿಸುಗುಟ್ಟಿದ.

ತಾಯಿಹಕ್ಕಿ ಕೊಕ್ಕಿನಲ್ಲಿ ಹಸಿರು ಹುಳ ಹಿಡಿದುಕೊಂಡು ಪೊದೆಯ ತುದಿಗೆ ಬಂದು ಕೂತಿತ್ತು. ಅತ್ತ ಇತ್ತ ನೋಡಿ ಕೆಳಗಿಳಿಯಿತು. ಮರಿ ರೆಕ್ಕೆ ನಡುಗಿಸಿ ಬಾಯಿ ತೆರೆಯಿತು. ಮೂರು ಸಲ ಹೋಗಿ ಬಂದು ತಿನ್ನಿಸುವವರೆಗೂ ನೋಡಿದೆವು. ಆಮೇಲೆ ಹುಲ್ಲಿನ ಕಡೆ ಹೋಗದೆ ಹಿಂದಿನ ಗೇಟಿನಿಂದ ಮನೆಗೆ ಬಂದೆವು.